ಸುಣ್ಣ ಕೇಳಲು ಹೋದ ಗಂಡಸರು

ಪುಣೆಯಲ್ಲಿ ನನಗಿಂತ ಹೆಚ್ಚು ಕಬ್ಬಿಣ ಬಗ್ಗಿಸಿದವರು ಇರಬಹುದು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ಆದರೆ ನನಗಿಂತ ಹೆಚ್ಚು ಜನರನ್ನು ಬೇಸ್ತು ಬೀಳಿಸಿದವನು ಒಬ್ಬನಾದರೂ ಇದ್ದಾನೆ ಎಂದರೆ ನಾನು ನಂಬುವುದಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಚಹಾ ಕುಡಿಸಿ ಕಳಿಸುತ್ತೇನೆ. ಚಹಾಕ್ಕೆ ಹಾಕಿದ್ದು ಸಕ್ಕರೆಯೇ ಎಂಬ ಭರವಸೆ ಮಾತ್ರ ಕೊಡಲಾರೆ.

ಯಾದಗಿರಿ ಕಡೆಯಿಂದ ರೈಲು ಹತ್ತಿ ನಾನು ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನನ್ನ ಹಿಂದೆ ಬಂದ ನಮ್ಮೂರ ಹುಡುಗರಿಗೆಲ್ಲ, ಪುಣೆಯಲ್ಲಿ ಸಿಟಿ ಬಸ್ಸು ಹತ್ತುವ ಮೊದಲು ಚಪ್ಪಲಿ ಕಳಚಬೇಕು ಎಂದು ಹೇಳಿಕೊಟ್ಟವನು ನಾನೇ. ಶಿವಾಜಿನಗರದ ಸ್ಟಾಪಿನಲ್ಲಿ ಒಂದು ಬೆಳಿಗ್ಗೆ ಚಪ್ಪಲಿಗಳು ಸಾಲಾಗಿ ಕೂತಿದ್ದವು, ಹುಡುಗರು ಬರಿಗಾಲಲ್ಲಿ ಸ್ವಾರಗೇಟು ಮುಟ್ಟಿದ್ದರು. ನಮ್ಮ ಸೂಪರ್‌ವೈಜರನ ಊಟದ ಡಬ್ಬಿಯನ್ನು ಕಬ್ಬಿಣದ ಸಳಿ ಕಟ್ಟುವ ತಂತಿಯಿಂದ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ ಇಟ್ಟವನೂ ನಾನೇ. ಕೊನೆಗೆ ಅವನು ಇಕ್ಕಳ ಹಿಡಿದುಕೊಂಡು ನನ್ನ ಹತ್ತಿರವೇ ಬಂದು ಕೈಮುಗಿದ. ನಾನು ಬಿಚ್ಚಿ ಕೊಟ್ಟೆ, ಒಳಗಿನ ಬದನೆಕಾಯಿ ಪಲ್ಯದಲ್ಲಿ ಪಾಲೂ ತಗೊಂಡೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನನ್ನ ಬಾಳಿನ ಎಲ್ಲಕ್ಕಿಂತ ದೊಡ್ಡ ಚೇಷ್ಟೆಯನ್ನು ನಾನು ಮಾಡಿದ್ದು ನಗಿಸುವುದಕ್ಕಲ್ಲ. ಒಂದು ಕೂಸು ಹುಟ್ಟಲಿ ಎಂದು.

ಪುಣೆ ಪಕ್ಕದ ಚಾಕಣದಲ್ಲಿ ಕಾರಿನ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನಾವೆಲ್ಲ ಕೆಲಸದ ಜಾಗದ ಪಕ್ಕದಲ್ಲೇ ತಗಡಿನ ಪತ್ರಾ ಬಡಿದು ಕಟ್ಟಿದ ಖೋಲಿಗಳಲ್ಲಿ ಇದ್ದೆವು. ಒಂದು ಖೋಲಿಗೂ ಇನ್ನೊಂದಕ್ಕೂ ನಡುವೆ ಇದ್ದದ್ದು ಒಂದೇ ಪತ್ರಾ. ಒಬ್ಬ ಸೀನಿದರೆ ಸಾಲಿನ ಕೊನೆಯವನು ಮೂಗು ಒರೆಸಿಕೊಳ್ಳುತ್ತಿದ್ದ. ಸಂಜೆ ಕೆಲಸ ಬಿಟ್ಟು ಬಂದು ಹೆಂಗಸರು ಒಲೆ ಹಚ್ಚಿದರೆ ಸಾಲಿಗೆ ಸಾಲೇ ಜೋಳದ ರೊಟ್ಟಿಯ ಸಪ್ಪಳ. ಯಾರ ಕೈ ರೊಟ್ಟಿ ಬಡಿಯುತ್ತಿದೆ ಎಂದು ಸಪ್ಪಳದ ಮೇಲೆಯೇ ಹೇಳುವುದರಲ್ಲಿ ನಾನು ಹೆಸರುವಾಸಿ. ಕಣ್ಣು ಮುಚ್ಚಿಕೊಂಡು ಕೂತು, “ಇದು ಮೂಲಿ ಮನಿ ಅಕ್ಕ. ಇವತ್ತ ಸಿಟ್ಟಿನ್ಯಾಗ ಅದಾಳ, ರೊಟ್ಟಿ ದಪ್ಪ ಆಗ್ತಾವ,” ಎನ್ನುತ್ತಿದ್ದೆ. ಹೋಗಿ ನೋಡಿದರೆ ರೊಟ್ಟಿ ದಪ್ಪವೇ ಆಗಿರುತ್ತಿದ್ದವು.

ರೊಟ್ಟಿಯದಲ್ಲದ ಸಪ್ಪಳವೂ ಒಂದಿತ್ತು. ನಮ್ಮ ಖೋಲಿಯಿಂದ ಎರಡು ಮನೆ ಆಚೆಯಿಂದ ಅದು ಬರುತ್ತಿತ್ತು. ಬಂದ ಕೂಡಲೇ ಸಾಲಿನಲ್ಲಿ ಟಿವಿ ಇದ್ದವರು ಟಿವಿ ಏರಿಸುತ್ತಿದ್ದರು, ಇಲ್ಲದವರು ಮಕ್ಕಳನ್ನು ಜೋರಾಗಿ ಬೈಯತೊಡಗುತ್ತಿದ್ದರು.

ಆ ಖೋಲಿಯವನು ನನ್ನ ಜೋಡಿದಾರ. ಸಳಿ ಬಗ್ಗಿಸುವ ಕೆಲಸ ಒಬ್ಬನಿಂದ ಆಗುವುದಲ್ಲ. ಒಬ್ಬ ಸಳಿಯ ಒಂದು ತುದಿಯನ್ನು ಕಟ್ಟೆಯ ಮೇಲೆ ಅಲುಗದಂತೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಮತ್ತೊಂದು ತುದಿಗೆ ಚಾವಿ ಎನ್ನುವ ಉದ್ದನೆಯ ಕಬ್ಬಿಣದ ಹಿಡಿಕೆ ಸಿಕ್ಕಿಸಿ ಮೈಭಾರ ಹಾಕಿ ಎಳೆಯಬೇಕು. ಎಳೆಯುವವನ ಕೈ ಹದ ತಪ್ಪಿದರೆ ಹಿಡಿದವನ ಬೆರಳು ಹೋಯಿತು. ಅವನು ಎಳೆಯುವವನು, ನಾನು ಹಿಡಿಯುವವನು. ಅವನಿಗೆ ಆ ಕೆಲಸ ಕಲಿಸಿದವನೂ ನಾನೇ, ಅವನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನೂ ನಾನೇ. ನನ್ನನ್ನು ಕಾಕಾ ಎನ್ನುತ್ತಿದ್ದ. ಹಗಲೆಲ್ಲ ಹಾಲಿನಂಥ ಹುಡುಗ. ಅವನ ಹೆಂಡತಿ ಅದೇ ಕೆಲಸದ ಜಾಗದಲ್ಲಿ ತಲೆಯ ಮೇಲೆ ಬುಟ್ಟಿ ಹೊರುತ್ತಿದ್ದಳು. ನನಗೆ ಮಾವಾ ಎನ್ನುತ್ತಿದ್ದಳು, ನನ್ನ ಚೇಷ್ಟೆಗಳಿಗೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಹಿಂದಿನ ವರ್ಷ ಬಸಿರಾಗಿದ್ದಳು, ಹೋಯಿತು. ಕೆಲಸದ ಮೇಲೆ ಮೆಟ್ಟಿಲಿನಿಂದ ಜಾರಿದಳು ಎಂದು ಎಲ್ಲರೂ ಅಂದುಕೊಂಡಿದ್ದೆವು.

ಒಂದು ಸಂಜೆ ನನ್ನ ಹೆಂಡತಿ ರೊಟ್ಟಿ ತಿರುವಿ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು.

“ಆ ಹುಡುಗಿ ಮತ್ತ ಬಸುರದಾಳ.”

“ಛಲೋ ಆತಲ್ಲ! ಪೇಡೆ ಯಾವಾಗಂತ?”

“ಪೇಡೆ ಅಂತ ಪೇಡೆ! ಹ್ವಾದ ವರ್ಷ ಹ್ಯಾಂಗ ಹೋತು ಗೊತ್ತದ ಏನ್ ನಿಮಗ? ಮೆಟ್ಟಲ ಮ್ಯಾಲಿಂದ ಬಿದ್ಳು ಅಂದ್ರಿ ಎಲ್ಲಾರೂ. ಅಕಿ ಹೊಟ್ಟಿಗಿ ಎಣ್ಣಿ ತಿಕ್ಕಿದಾಕಿ ನಾನು. ಮೆಟ್ಟಲ ಹಂಗ ಒದಿಯಂಗಿಲ್ಲ.”

ನಾನು ತಾಟು ಸರಿಸಿ ಎದ್ದೆ.

“ನಾ ಈಗೇ ಹೋಗಿ ಅವನ ಹಲ್ಲು—”

“ಕೂಡ್ರಿ ಸುಮ್ಮನ. ನೀವು ಬೈದು ಬರ್ತೀರಿ. ಬಾಗಲಾ ಹಾಕ್ಕೊಂಡು ಅವ ಕೇಳ್ತಾನ, ಕಾಕಾನ ಮುಂದ ಯಾರ ಹೇಳಿದ್ರಂತ. ಆಮ್ಯಾಲ? ನನ್ನ ಹೆಸರು ತಗೀಬ್ಯಾಡ್ರಿ ಅತ್ತಿ ಅಂತ ಅಕಿ ನನ್ನ ಕಾಲ ಹಿಡದಾಳ.” ಆಮೇಲೆ ಹಿಟ್ಟಿನ ಕೈಯನ್ನೇ ನನ್ನ ಕಡೆ ತೋರಿಸಿ ಹೇಳಿದಳು, “ಊರ ಮಂದಿಗೆಲ್ಲ ಚ್ಯಾಷ್ಟಿ ಮಾಡ್ಕೊಂತ ತಿರಗತೀರಿ. ಅಲ್ಲಿ ಒಂದು ಮಾಡಿ ತೋರಸ್ರಿ. ಕೂಸು ಉಳೀಲಿ. ನೀವು ದೊಡ್ಡ ಶಾಣ್ಯಾ ಅಂತ ನಾನೇ ಒಪ್ಪಿಕೋತೀನಿ.”

ನನ್ನ ಹೆಂಡತಿ ನನ್ನನ್ನು ಶಾಣ್ಯಾ ಎಂದು ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ನಮ್ಮ ಗ್ಯಾಂಗಿನ ಗಂಡಸರನ್ನು ಚಹಾದ ಹೋಟೆಲಿನಲ್ಲಿ ಕೂಡಿಸಿದೆ. ಜೋಡಿದಾರ ಇನ್ನೂ ಬಂದಿರಲಿಲ್ಲ. ಹೋಟೆಲು ಉಡುಪಿ ಕಡೆಯವರದು. ಮಾಲೀಕರು ಗಲ್ಲಾದ ಮೇಲೆ ಕೂತೇ ಎಲ್ಲ ಮಾತಿಗೂ ಪಾಲುದಾರರಾಗುತ್ತಿದ್ದರು. ವಿಷಯ ಕೇಳಿ ಮೊದಲು ಅವರೇ ತಲೆ ಅಲ್ಲಾಡಿಸಿದರು.

“ಅದು ಗಂಡ ಹೆಂಡತಿ ವಿಷಯ ಮಾರಾಯ್ರೆ. ನಾವು ನಡುವೆ ಹೋಗ್ಲಿಕ್ಕೆ ಉಂಟಾ?”

“ನಡುವ ಹೋಗಂಗಿಲ್ರಿ. ಬಾಗಲತನಾ ಹೋಗತೀವಿ. ಸುಣ್ಣ ಕೇಳಲಾಕ.”

“ಸುಣ್ಣ?”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಬಾಕು ಕೇಳಿದರೆ ಮುಗಿದಿದೆ ಎನ್ನಬಹುದು, ಬೀಡಿ ಕೇಳಿದರೆ ಕಿಸೆ ತೋರಿಸಬಹುದು. ಆದರೆ ತಂಬಾಕಿಗೆ ಹಚ್ಚಿಕೊಳ್ಳಲು ಬೆರಳಷ್ಟು ಸುಣ್ಣ ಕೇಳಿದರೆ ಇಲ್ಲ ಎನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಗುರುತಿಲ್ಲದವನಾದರೂ ಕೇಳಬಹುದು, ಜಗಳ ಆಡಿದವನಾದರೂ ಕೇಳಬಹುದು. ಕೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ಡಬ್ಬಿ ಹುಡುಕಿ, ಮುಚ್ಚಳ ತೆಗೆದು ಕೊಡಲೇಬೇಕು. ಆ ಕೈಯಲ್ಲಿದ್ದ ಕೆಲಸ ಯಾವುದೇ ಇರಲಿ.

ಗ್ಯಾಂಗಿನ ಒಬ್ಬ ಮಾತ್ರ, ಚಹಾದ ಬಸಿಯಲ್ಲೇ ಕಣ್ಣು ನೆಟ್ಟು ಕೇಳಿದ. “ಇವತ್ತ ಅವನ ಮನಿ. ನಾಳಿಗಿ ನಮ್ಮನಿಗೂ ಬರ್ತೀರೇನು ಹಂಗಾದ್ರ?”

“ಬರ್ತೀವಲ್ಲಪ್ಪ. ಸುಣ್ಣ ತಯಾರ ಇಟ್ಟಿರು.”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಚಹಾ ಆರಿದ ಮೇಲೆ ಕುಡಿದ.

ಬಹಳ ಕಾಯಬೇಕಾಗಲಿಲ್ಲ. ಅದೇ ವಾರ, ದೀಪ ಹಚ್ಚುವ ಹೊತ್ತಿಗೆ ಆ ಖೋಲಿಯಿಂದ ಏರಿದ ದನಿ ಕೇಳಿತು, ಹಿಂದೆಯೇ ಪಾತ್ರೆ ಬಿದ್ದ ಸದ್ದು. ನಾನು ಎದ್ದು ಹೋಗಿ ಪತ್ರಾದ ಬಾಗಿಲು ಬಡಿದೆ.

“ತಮ್ಮಾ, ಸ್ವಲ್ಪ ಸುಣ್ಣ ಕೊಡೋ.”

ಬಾಗಿಲು ತೆರೆಯಿತು. ಅವನ ಮುಖ ಕೆಂಪಗೆ, ಉಸಿರು ಮೇಲೆ. ಹಿಂದೆ ಅವಳು ಗೋಡೆಗೆ ಒತ್ತಿಕೊಂಡು, ಎರಡೂ ಕೈ ಹೊಟ್ಟೆಯ ಮೇಲಿಟ್ಟು ನಿಂತಿದ್ದಳು. ಅವನು ಡಬ್ಬಿ ತಂದ. ನಾನು ನಿಧಾನಕ್ಕೆ ಉಗುರಲ್ಲಿ ಸುಣ್ಣ ತೆಗೆದುಕೊಂಡೆ, ನಿಧಾನಕ್ಕೆ ತಂಬಾಕು ತಿಕ್ಕಿದೆ, ಮಳೆ ಬೆಳೆಯ ಮಾತಾಡಿದೆ. ನಾನು ಸರಿದರೆ ನನ್ನ ಹಿಂದೆ ಇನ್ನೊಬ್ಬ.

“ಸುಣ್ಣ ಅದ ಏನಣ್ಣಾ?”

ಅವನ ಹಿಂದೆ ಮತ್ತೊಬ್ಬ, ಮತ್ತೊಬ್ಬ. ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲು. ಕೊನೆಗೆ ನೋಡುತ್ತೇನೆ, ಹೋಟೆಲಿನ ಮಾಲೀಕರು! ಯಾರು ಸುದ್ದಿ ಮುಟ್ಟಿಸಿದರೋ, ಸ್ಕೂಟರ್ ಮೇಲೆ ಬಂದಿದ್ದಾರೆ, ಅಡಿಕೆಯ ತುಂಡನ್ನೂ ಬಾಯಿಗಿಟ್ಟವರಲ್ಲ.

“ನಂಗೂ ಸ್ವಲ್ಪ ಸುಣ್ಣ ಬೇಕಿತ್ತು ಮಾರಾಯ್ರೆ.”

“ನಿಮಗ್ಯಾಕ್ರೀ ಸುಣ್ಣ?” ಎಂದ ಜೋಡಿದಾರ, ತಬ್ಬಿಬ್ಬಾಗಿ.

ಅವರು ನನ್ನ ಮುಖ ನೋಡಿದರು. ಉತ್ತರ ತಯಾರಿ ಮಾಡಿಕೊಂಡು ಬಂದಿರಲಿಲ್ಲ. “ಅದು... ಹೋಟೆಲಿನ ಗೋಡೆಗೆ,” ಎಂದರು.

ಸಾಲು ಮುಗಿಯುವಷ್ಟರಲ್ಲಿ ಅವನ ಉಸಿರು ಇಳಿದಿತ್ತು. ಒಬ್ಬರೂ ಹೊಡೆತದ ಮಾತು ತೆಗೆಯಲಿಲ್ಲ, ಅವಳ ಹೆಸರೂ ಎತ್ತಲಿಲ್ಲ. ಯಾರು ಹೇಳಿದರು ಎಂದು ಹೆಂಡತಿಯನ್ನು ಕೇಳೋಣವೆಂದರೆ, ಏನು ಹೇಳಿದರು ಎಂದು ಕೇಳುತ್ತಾನೆ? ಜನ ಸುಣ್ಣ ಕೇಳಿದರು, ಇವನು ಕೊಟ್ಟ. ಅಷ್ಟೇ.

ಹೀಗೆ ಕೆಲವು ಸಂಜೆ ನಡೆಯಿತು. ದನಿ ಏರಿದರೆ ಸಾಲು. ಜೋಡಿದಾರ ದಡ್ಡನಲ್ಲ, ನನ್ನ ಶಿಷ್ಯ. ಒಂದು ದಿನ ಬಾಗಿಲು ತೆರೆದು, ನಾನು ಬಾಯಿ ತೆರೆಯುವ ಮೊದಲೇ ಹೇಳಿದ, “ಸುಣ್ಣ ಇಲ್ಲ ಕಾಕಾ. ತಂಬಾಕಾ ಬಿಟ್ಟೀನಿ. ಡಬ್ಬಿ ಒಗದೀನಿ.”

ಬಾಗಿಲು ಮುಚ್ಚಿತು. ನನ್ನ ಹಿಂದಿನ ಸಾಲು ಮುಖ ಮುಖ ನೋಡಿಕೊಂಡಿತು. ಅವತ್ತು ನಾವು ಅಲ್ಲೇ ಬಾಗಿಲ ಮುಂದೆ ಕೂತು, ಅವನಿಗೆ ನಿದ್ದೆ ಬರುವ ತನಕ ಹರಟೆ ಹೊಡೆದು ಎದ್ದು ಬಂದೆವು. ನನ್ನನ್ನು ಸೋಲಿಸಿದೆ ಎಂದುಕೊಂಡಿದ್ದ, ಪಾಪ.

ಮುಂದಿನ ಸಲ ದನಿ ಏರಿದಾಗ ಎಲ್ಲರೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ಹೋದೆವು.

“ನಿಮ್ಮನ್ಯಾಗ ಸುಣ್ಣ ಇಲ್ಲಂತಲ್ಲ ತಮ್ಮಾ. ಮನಸಿಗಿ ಭಾಳ ಕೆಟ್ಟ ಅನಸ್ತು. ತಗೋ.”

“ನಂದೂ ಇಟ್ಗೋ ಅಣ್ಣಾ.”

“ಇದು ಊರಿಂದ ತರಿಸಿದ್ದು, ಬೆಣ್ಣಿ ಇದ್ದಂಗ ಅದ.”

ಹೊಸ್ತಿಲ ಮೇಲೆ ಡಬ್ಬಿಗಳ ಗುಡ್ಡೆ ಆಯಿತು. ಹೋಟೆಲಿನ ಮಾಲೀಕರು ಗೋಡೆಗೆ ಬಳಿದು ಉಳಿದಿದ್ದ ಸುಣ್ಣದ ಬಕೆಟ್ಟನ್ನೇ ತಂದಿದ್ದರು. ಒಳಗಿನಿಂದ ಅವಳು ನಕ್ಕದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿತು. ಅದು ಬೆಂಕಿಗೆ ಎಣ್ಣೆ ಆಯಿತು.

“ಸಾಕು ಮಾಡ್ರಿ!” ಎಂದು ಡಬ್ಬಿಗಳನ್ನು ಕಾಲಿನಿಂದ ಚಿಮ್ಮಿದ. “ನನಗ ತಿಳಿಯಂಗಿಲ್ಲ ಅಂತ ಮಾಡೀಯೇನ್ ಕಾಕಾ? ನನ್ನ ಹೇಣ್ತಿ. ಹೊಡೀತೀನಿ, ಬಿಡ್ತೀನಿ. ನಿಮ್ಮಪ್ಪಂದೇನ್ ಹೋಗ್ತದ?”

ಗಂಡಸರೆಲ್ಲ ನನ್ನ ಕಡೆ ನೋಡಿದರು. ನನ್ನ ಬಾಯಲ್ಲಿ ಯಾವಾಗಲೂ ನಾಲ್ಕು ಚೇಷ್ಟೆಯ ಮಾತು ಸರದಿಯಲ್ಲಿ ನಿಂತಿರುತ್ತವೆ. ಅವತ್ತು ಒಂದೂ ಮುಂದೆ ಬರಲಿಲ್ಲ.

“ನಿನ್ನ ಹೇಣ್ತಿ, ಖರೆ,” ಎಂದೆ. “ನಮಗ ಕೇಳಸ್ತದ, ಅದೂ ಖರೆ. ಕೇಳಿಸಿದ ದಿನಾ ನಾವು ಬರ್ತೀವಿ. ಸುಣ್ಣ ಇದ್ರೂ ಬರ್ತೀವಿ, ಇಲ್ದಿದ್ರೂ ಬರ್ತೀವಿ.”

ನನ್ನ ಹೆಂಡತಿ ಗುಂಪಿನಿಂದ ಮುಂದೆ ಬಂದು, ಯಾರನ್ನೂ ಕೇಳದೆ ಒಳಗೆ ಹೋಗಿ, ಅವಳ ಕೈಹಿಡಿದು ನಮ್ಮ ಖೋಲಿಗೆ ಕರೆದುಕೊಂಡು ಬಂದಳು. ತಡೆಯಲು ಅವನಿಗೆ ಧೈರ್ಯ ಆಗಲಿಲ್ಲ. ಅವಳು ನಮ್ಮಲ್ಲೇ ಉಳಿದಳು.

ಮರುದಿನ ಕೆಲಸದ ಕಟ್ಟೆಯ ಹತ್ತಿರ ಅವನು ಸಳಿ ಇಟ್ಟು ಚಾವಿ ಸಿಕ್ಕಿಸಿ ನಿಂತ. ನಾನು ಇಟ್ಟಿಗೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದೆ.

“ಹಿಡಿ ಕಾಕಾ.”

“ಹಿಡಿಯಂಗಿಲ್ಲ. ಹೊಡೀತೀನಿ, ಬಿಡ್ತೀನಿ ಅಂತ ನಿನ್ನಿ ನೀನೇ ಹೇಳಿದಿ. ಆ ಕೈಗಿ ಲಗಾಮ ಇಲ್ಲ. ಅಂಥಾ ಕೈ ಮುಂದ ನನ್ನ ಬೆರಳು ಹ್ಯಾಂಗ ಇಡ್ಲಿ?”

ಅವನು ಇನ್ನೊಬ್ಬನನ್ನು ಕರೆದ. ಅವನಿಗೆ ಬೆನ್ನು ನೋವು. ಮತ್ತೊಬ್ಬನಿಗೆ ಹೊಟ್ಟೆ. ಚಹಾ ಆರಿಸಿ ಕುಡಿದಿದ್ದನಲ್ಲ, ಅವನಿಗಂತೂ ಕಣ್ಣೇ ಕಾಣಿಸುತ್ತಿರಲಿಲ್ಲ. ನಮ್ಮ ಗ್ಯಾಂಗಿನಲ್ಲಿ ಅಷ್ಟು ರೋಗ ಒಂದೇ ದಿನ ಹರಡಿದ್ದು ಅದೇ ಮೊದಲು, ಅದೇ ಕೊನೆ. ಅವನು ಕಲ್ಲು ಹೇರಿ ಒಬ್ಬನೇ ಬಗ್ಗಿಸಲು ನೋಡಿದ. ಸಳಿಗಳು ಬಾಳೆಹಣ್ಣಿನಂತೆ ಡೊಂಕಾಗಿ ಬಂದವು. ಸೂಪರ್‌ವೈಜರ್ ಬಂದು, ಇವು ಕಟ್ಟಡಕ್ಕೋ ತೊಟ್ಟಿಲಿಗೋ ಎಂದು ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದು ಹೋದ.

ಊಟದ ಹೊತ್ತಿಗೆ ಜೋಡಿದಾರ ಬಂದು ನನ್ನ ಪಕ್ಕ ಕೂತ.

“ಸಿಟ್ಟು ಬಂದ್ರ ನನಗ ಏನೂ ಕಾಣಸಂಗಿಲ್ಲ ಕಾಕಾ. ಕೈ ತಾನೇ ಏಳ್ತದ.”

“ಈಗ ಆ ಸೂಪರ್‌ವೈಜರ್ ಬೈದನಲ್ಲ, ಸಿಟ್ಟು ಬಂತಿಲ್ಲ?”

“ಭಾಳ ಬಂತು.”

“ಮತ್ತ ಅವನಿಗಿ ಯಾಕ ಹೊಡೀಲಿಲ್ಲ?”

“ಹುಚ್ಚೇನು? ಕೆಲಸ ಹೋಗತದ.”

“ಹಂಗಾದ್ರ ಕಾಣಸ್ತದಲ್ಲೋ! ಕೈಗಿ ಎಲ್ಲಿ ಏಳಬೇಕು, ಎಲ್ಲಿ ಏಳಬಾರದು ಎಲ್ಲಾ ಗೊತ್ತದ. ನೀ ಹೇಳಿದಂಗೇ ಕೇಳ್ತದ ಮಗನ ಅದು.”

ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಕಬ್ಬಿಣದ ಕೆಲಸದವನ ಅಂಗೈ, ತುಕ್ಕಿನ ಬಣ್ಣ. ನಾನು ಉಪದೇಶ ಮಾಡಲಿಲ್ಲ, ನನಗೆ ಅದು ಬರುವುದೂ ಇಲ್ಲ. ಇಷ್ಟೇ ಹೇಳಿದೆ, “ಸಿಟ್ಟು ಬಂದ್ರ ಹೊರಗ ಬಾ. ನನ್ನ ಬಾಗಲಿಗಿ ಬಂದು ಸುಣ್ಣ ಕೇಳು. ನಾ ಇಲ್ಲ ಅನ್ನೂದಿಲ್ಲ.”

ಜೋಡಿದಾರ ಕರೆಯಲು ಬಂದಾಗ ಅವಳು ಕೂಡಲೇ ಹೋಗಲಿಲ್ಲ. ನಮ್ಮ ಹೊಸ್ತಿಲ ಒಳಗೆ ನಿಂತು, ಹೊರಗೆ ನಿಂತ ಗಂಡನಿಗೆ ನಮ್ಮೆಲ್ಲರ ಎದುರಿಗೇ ಹೇಳಿದಳು, “ಬರ್ತೀನಿ. ಆದ್ರ ಇನ್ನೊಂದ್ ಸಲ ಕೈ ಎತ್ತಿದ್ರಿ ಅಂದ್ರ, ಸುಣ್ಣದ ಮಂದಿ ಬರೂತನಾ ನಾ ಕಾಯಂಗಿಲ್ಲ. ಕೂಸು ಹೊಟ್ಯಾಗ ಇಟ್ಗೊಂಡೇ ರೈಲು ಹತ್ತತೀನಿ. ಹೊಳ್ಳಿ ಬರಂಗಿಲ್ಲ.” ಅವನು ತಲೆ ಆಡಿಸಿದ. ಆ ಹುಡುಗಿಯ ದನಿ ಅಷ್ಟು ಗಟ್ಟಿ ಇದೆ ಎಂದು ನಮಗಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂದಿನಿಂದ ಆಗಾಗ ಸಂಜೆ ನಮ್ಮ ಬಾಗಿಲಲ್ಲಿ ಅವನು ಕಣ್ಣು ಕೆಂಪು ಮಾಡಿಕೊಂಡು ನಿಲ್ಲುತ್ತಿದ್ದ. “ಕಾಕಾ, ಸುಣ್ಣ.” ಕೂಡಿಸಿಕೊಂಡು ಸುಳ್ಳು ಕತೆಗಳನ್ನು ಹೇಳುತ್ತಿದ್ದೆ, ಸಿಟ್ಟು ಇಳಿದ ಮೇಲೆ ಅಟ್ಟುತ್ತಿದ್ದೆ. ಸಾಲು ಬೇರೆ ಬಾಗಿಲುಗಳಿಗೂ ಹೋಯಿತು. ಹೋಟೆಲಿನಲ್ಲಿ ಪ್ರಶ್ನೆ ಕೇಳಿದ್ದವನ ಮನೆಗೂ ಒಮ್ಮೆ ಹೋದೆವು. ಅವನು ಡಬ್ಬಿಯನ್ನು ಬಾಗಿಲ ಹತ್ತಿರವೇ ಇಟ್ಟಿದ್ದ, ಮಾತಿಗೆ ತಪ್ಪದ ಮನುಷ್ಯ. ಕೂಲಿಯವರ ಮಕ್ಕಳಿಗೆ ಬಾಲವಾಡಿ ನಡೆಸುತ್ತಿದ್ದ, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದ ಹೆಂಗಸೊಬ್ಬರು ಸುದ್ದಿ ಕೇಳಿ, ನನ್ನನ್ನು ಬೇರೆ ಕೆಲಸದ ಜಾಗಗಳಿಗೆ ಕರೆದುಕೊಂಡು ಹೋಗಿ ಗಂಡಸರ ಮುಂದೆ ಮಾತಾಡಿಸಿದರು. ಅಷ್ಟು ದೂರದ ಕುರಕುಂಭದ ತನಕ ನನ್ನ ಭಾಷಣ ಮುಟ್ಟಿದೆ ಎಂದರೆ ನೀವೇ ಲೆಕ್ಕ ಹಾಕಿ. ಗಂಡಸರು ಚಹಾದ ಆಸೆಗೆ ಬರುತ್ತಿದ್ದರು, ಸುಣ್ಣದ ಕತೆಗೆ ಕೂಡುತ್ತಿದ್ದರು. ಆ ಬಾಯಿ ಒಮ್ಮೆ, ನಿಮ್ಮಲ್ಲಿ ಸಪ್ಪಳ ಕೇಳಿದಾಗ ಎಷ್ಟು ಜನ ಟಿವಿ ಏರಿಸುತ್ತೀರಿ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ, ಎಲ್ಲರೂ ಕಾಲಬೆರಳು ನೋಡಿಕೊಂಡರು. ನಾನು ಕೈ ಎತ್ತಿದೆ. ಆಮೇಲೆ ಒಬ್ಬೊಬ್ಬರಾಗಿ ಎತ್ತಿದರು.

ಅವಳಿಗೆ ದಿನ ತುಂಬುತ್ತ ಬಂದಿತ್ತು. ಎಷ್ಟೋ ದಿನದಿಂದ ಆ ಖೋಲಿ ತಣ್ಣಗಿತ್ತು. ಒಂದು ಸಂಜೆ ಅಲ್ಲಿಂದ ಸಪ್ಪಳ ಬಂತು. ದಡ್. ತಡೆದು ಮತ್ತೆ ದಡ್ ದಡ್. ನಾನು ಕಿವಿ ಕೊಟ್ಟೆ. ಅವಳ ಕೈಯ ರೊಟ್ಟಿ ನನಗೆ ಗೊತ್ತು, ಮಳೆ ಹನಿಯಂತೆ ಒಂದೇ ಸಮ ಬೀಳುವ ಕೈ. ಇದು ಅದಲ್ಲ. ನಡುವೆ ಅವಳದೊಂದು ಕೂಗು.

“ರೊಟ್ಟಿ ಅಲ್ಲ ಇದು!” ಎಂದು ಎದ್ದೆ. ನನ್ನ ಕಿವಿ ತಪ್ಪುವುದಿಲ್ಲ ಎಂದು ಸಾಲಿಗೆಲ್ಲ ಗೊತ್ತು. ಗಂಡಸರು ಡಬ್ಬಿ ಮರೆತು ಓಡಿದರು. ನನ್ನ ಹೆಂಡತಿ ಸೌಟು ಹಿಡಿದೇ ಓಡಿದಳು. ಬಾಗಿಲು ಬಡಿಯುವ ವ್ಯವಧಾನವೂ ಇಲ್ಲದೆ ನೂಕಿದೆ.

ಜೋಡಿದಾರ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದ. ಮೊಣಕೈಯ ತನಕ ಜೋಳದ ಹಿಟ್ಟು, ಹುಬ್ಬಿನ ಮೇಲೆ ಹಿಟ್ಟು, ಮೀಸೆ ಬೆಳ್ಳಗೆ. ಮುಂದೆ ರೊಟ್ಟಿ ಎಂದು ಹೇಳಬಹುದಾದ ಒಂದು ವಸ್ತು, ಅಂಚೆಲ್ಲ ಹರಿದು ನಡುವೆ ತೂತು. ಅವಳು ಬಾತ ಕಾಲುಗಳನ್ನು ಬಟ್ಟೆ ಗಂಟಿನ ಮೇಲಿಟ್ಟು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

“ಸಳಿ ಬಗ್ಗಸಲಾಕತ್ತೀರೇನು? ಮೆತ್ತಗ ಬಡೀರಿ ಅಂತ ಎಷ್ಟ್ ಸಲ ಒದರಲಿ!” ಎಂದವಳು ನಮ್ಮನ್ನು ನೋಡಿ, ಸೌಟು ನೋಡಿ, ಎಲ್ಲ ತಿಳಿದು ಇನ್ನೂ ಜೋರಾಗಿ ನಕ್ಕಳು. “ಮಾವಾ, ನಿಮ್ಮ ಕಿವಿ ಕೆಟ್ಟಾವ ನೋಡ್ರಿ!”

ಅವನು ಹಿಟ್ಟಿನ ಕೈ ಎತ್ತಿ, ಬೆರಳು ಮುಂದೆ ಮಾಡಿ ಕೇಳಿದ, “ಸುಣ್ಣ ಬೇಕೇನ್ ಕಾಕಾ?”

ಅಷ್ಟು ಜನರ ಎದುರಿಗೆ ಬೇಸ್ತು ಬಿದ್ದ ನಾನು ಆ ರೊಟ್ಟಿ ತಿಂದೇ ಎದ್ದೆ. ಹಲ್ಲಿಗೆ ಕೆಲಸ ಕೊಡುವಂಥ ರೊಟ್ಟಿ.

ಕೂಸು ಹುಟ್ಟಿತು. ಹೆಣ್ಣು, ಕಪ್ಪಗೆ ಗುಂಡಗೆ, ಅಳು ಶುರು ಮಾಡಿದರೆ ಪತ್ರಾ ಅದುರಬೇಕು. ತೊಟ್ಟಿಲಿಗೆ ಹಾಕಿದ ದಿನ ಹೋಟೆಲಿನ ಮಾಲೀಕರು ಶಿರಾ ಮಾಡಿಸಿ ತಂದರು. ನನ್ನ ಹೆಂಡತಿ ಕೂಸನ್ನು ನನ್ನ ತೊಡೆಯ ಮೇಲಿಟ್ಟು, “ಶಾಣ್ಯಾ ಅದೀರಿ,” ಎಂದಳು. ಮೆಲ್ಲಗೆ ಹೇಳಿದಳು. ಆದರೆ ಹೇಳಿದ್ದಂತೂ ಹೌದು, ಸಾಕ್ಷಿ ಬೇಕಾದರೆ ಕೂಸನ್ನೇ ಕೇಳಿ.

ಊಟ ಆದ ಮೇಲೆ ಜೋಡಿದಾರ ಸಾಲಿನಲ್ಲಿ ಬಂದಿದ್ದ ಒಬ್ಬೊಬ್ಬ ಗಂಡಸಿಗೂ ಹೊಸದೊಂದು ಡಬ್ಬಿ ಕೊಟ್ಟ. ತಾನೇ ತುಂಬಿ, ಮುಚ್ಚಳ ಒರೆಸಿ ಇಟ್ಟಿದ್ದ.

“ಇನ್ನ ಮ್ಯಾಲ ನಮ್ಮನಿಗಿ ಸುಣ್ಣ ಕೇಳಲಾಕ ಬರಬ್ಯಾಡ್ರಿ,” ಎಂದ. “ಕೂಸು ನೋಡಲಾಕ ಬರ್ರಿ.”

ಡಬ್ಬಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದು, ಚಂಚಿ ಬಿಚ್ಚಿ ತಂಬಾಕು ತೆಗೆದು, ಅವನು ಕೊಟ್ಟ ಡಬ್ಬಿಯಿಂದ ಉಗುರಷ್ಟು ಹಚ್ಚಿ, ಚೆನ್ನಾಗಿ ತಿಕ್ಕಿ ಬಾಯಿಗಿಟ್ಟೆ. ಖಾರವೂ ಇಲ್ಲ, ಚುರುಕೂ ಇಲ್ಲ. ಇನ್ನಷ್ಟು ಹಚ್ಚಿದೆ. ಒಗರು ಒಗರು, ಅಂಟು ಅಂಟು. ದೀಪದ ಹತ್ತಿರ ಹಿಡಿದು ನೋಡಿದೆ.

ನೀರಲ್ಲಿ ಕಲಸಿದ ಜೋಳದ ಹಿಟ್ಟು.

“ಲೇ ಭಾಡ್ಯಾ!” ಎಂದು ಪತ್ರಾ ಗುದ್ದಿದೆ. ಎರಡು ಮನೆ ಆಚೆಯಿಂದ ಇಬ್ಬರು ನಗುವ ದನಿ ಬಂತು, ಒಂದು ಗಂಡು, ಒಂದು ಹೆಣ್ಣು. ಆ ಗದ್ದಲಕ್ಕೆ ಕೂಸು ಎಚ್ಚರಗೊಂಡು, ಸಾಲಿಗೆ ಸಾಲೇ ಕೇಳುವಂತೆ ಅಳತೊಡಗಿತು. ಯಾರೂ ಟಿವಿ ಏರಿಸಲಿಲ್ಲ.